ನುಂಗಿದ ಎಂಬತ್ತೆಂಟನೇ ಕೀರ್ತನೆ

ಗುಂಡ್ಲುಪೇಟೆ
19 ಆಗಸ್ಟ್ 2004

ಚಾಮರಾಜನಗರದಲ್ಲಿ ಸಂಸಾರಸಮೇತ ನೆಲೆಸಿರುವ ನನ್ನ ಏಕಮಾತ್ರ ಅಕ್ಕ ಸಲೋಮಿಯ ಪಾದಾರವಿಂದಗಳಿಗೆ, ಗಂಟಲು ಕಟ್ಟಿದ ತಂಗಿಯ ನಮಸ್ಕಾರಗಳು.

ಸಕ್ಕರೆ ಕಾಯಿಲೆಗೆ ಅಮ್ಮನ ಕಣ್ಣು ಪೂರ್ತಿ ಹೋದ ಏಪ್ರಿಲ್‌ನಿಂದ ಈ ಮನೆಯ ಆಸ್ಥಾನ ವಾಚಕಿ ನಾನೇ. ಅಪ್ಪ ಹಾಕಿಕೊಟ್ಟ ಪದ್ಧತಿ ನಿನಗೆ ಗೊತ್ತಲ್ಲ: ಬೈಬಲಿನಿಂದ ದಿನಕ್ಕೆ ಐದು ಕೀರ್ತನೆ, ತಿಂಗಳಿಗೆ ನೂರೈವತ್ತು, ಒಂದನೇ ತಾರೀಕು ಮತ್ತೆ ಮೊದಲಿನಿಂದ. ಆಗ ಒಂದೊಂದು ಕೀರ್ತನೆ ಮುಗಿದಾಗಲೂ ನೀನು ಹಾರ್ಮೋನಿಯಂನಲ್ಲಿ ಒಂದು ಸಾಲು ನುಡಿಸುತ್ತಿದ್ದೆ. ಓದುವವರಿಗೆ ಅಷ್ಟು ಹೊತ್ತು ಉಸಿರಾಡಲು ಬಿಡುವು. ನೀನು ಅಮ್ಮನ ಮಾತು ಮೀರಿ ಗಿರೀಶ್ ಭಾವನನ್ನು ಕಟ್ಟಿಕೊಂಡು ಹೋದ ದಿನ ಅಮ್ಮ ಆ ಪೆಟ್ಟಿಗೆ ಮುಚ್ಚಿಸಿದಳು. ನನ್ನ ಬಿಡುವೂ ಅದರೊಳಗೇ ಉಳಿಯಿತು.

ಬೆಳಿಗ್ಗೆ ಅಮ್ಮನಿಗೆ ಸೂಜಿ, ಕಾಲಿನ ಗಾಯಕ್ಕೆ ಹೊಸ ಬಟ್ಟೆ, ಆಮೇಲೆ ಶಾಲೆಯಲ್ಲಿ ಮೂಗು ಸುರಿಸುವ ಮೂವತ್ತೆಂಟು ಮಕ್ಕಳು, ಸಂಜೆ ಕೀರ್ತನೆಗಳ ದಾವೀದ ಮಹಾರಾಜರು. ಅವರಿಗೆ ಶತ್ರುಗಳು ಬಹಳ, ಅಕ್ಕ. ಅವರಿಗಾದರೂ ಗುಹೆಯಲ್ಲಿ ಅಡಗಲು ಪುರುಸೊತ್ತಿತ್ತು.

ಎಂಬತ್ತೆಂಟನೆಯದು ಬರುವುದು ಹದಿನೆಂಟನೇ ತಾರೀಕು. ಮೇ ತಿಂಗಳಲ್ಲಿ ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಸಮಾಧಿ, ಕತ್ತಲೆ, ದೂರವಾದ ಆಪ್ತರು. ಇಂಥದ್ದನ್ನು ಕಣ್ಣಿಲ್ಲದವಳ ಮುಂದೆ ಹೇಗೆ ಓದಲಿ? ಲೆಕ್ಕ ತಪ್ಪಬಾರದೆಂದು ನಾನೇ ಒಂದು ಹೊಸೆದು ಓದಿದೆ. ಅದರಲ್ಲಿ ನಮ್ಮ ಪಕ್ಕದೂರು ಹಂಗಳದ ಆನೆಗಳು ಊಟಿ ಬಸ್ಸಿಗೆ ದಾರಿ ಬಿಟ್ಟು ದೇವರನ್ನು ಕೊಂಡಾಡುತ್ತಿದ್ದವು. ಅಮ್ಮ ಗಂಭೀರವಾಗಿ, “ದಾವೀದ ಹಂಗಳಕ್ಕೆ ಯಾವಾಗ ಬಂದಿದ್ನಮ್ಮಿ?” ಎಂದಳು. ಇಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಜೂನ್, ಜುಲೈನಲ್ಲಿ ಆ ಜಾಗಕ್ಕೆ ಸಂತೋಷದ ನೂರನೆಯದನ್ನು ತುರುಕಿದೆ. ಅಮ್ಮ ಅದಕ್ಕೂ ಆಮೆನ್ ಅಂದಳು.

ನಿನ್ನೆಯೂ ಅದನ್ನೇ ಶುರು ಮಾಡಿದ್ದೆ. ಅಮ್ಮ ಕೈ ಎತ್ತಿದಳು.

“ಮೂರು ತಿಂಗ್ಳಿಂದ ನುಂಗ್ಬುಟ್ಟಿದ್ದೀಯಲ್ಲ, ಅದನ್ನ ಓದು.”

“ಅದು ಬ್ಯಾಡ ಕಣಮ್ಮ. ಅಳ್ತೀಯ.”

“ಅಳೋದು ನಾನು ತಾನೇ? ನಿಂಗೇನ್ ಕಷ್ಟ? ಓದಮ್ಮಿ.”

ಓದಿದೆ. ಬೇರೆ ಕೀರ್ತನೆಗಳು ಎಷ್ಟು ಅತ್ತರೂ ಕೊನೆಗೆ ಕಣ್ಣೊರೆಸಿಕೊಂಡು ಏಳುತ್ತವೆ. ಇದು ಕತ್ತಲೆಯಲ್ಲೇ ನಿಂತುಬಿಟ್ಟಿತು. ಮುಂದಿನ ಸಾಲಿಗಾಗಿ ನಾನು ಪುಟ ತಿರುವುತ್ತಿದ್ದೆ. ಅಮ್ಮ ಅಂದಳು: “ಹುಡುಕ್ಬ್ಯಾಡ. ಅಷ್ಟೇ ಅದು. ನಂಗೆ ಎಲ್ಲಾರೂ ಸಮಾಧಾನ ಹೇಳ್ತಾರೆ ಕಣಮ್ಮಿ, ಇದೊಂದು ಜೊತೇಲಿ ಕೂತ್ಕತದೆ.”

ಆಮೇಲೆ ಪೆಟ್ಟಿಗೆ ತೆಗೆಯಲು ಹೇಳಿದಳು. ನನಗೆಲ್ಲಿ ಬರುತ್ತದೆ? ಒಂದೇ ಸ್ವರದ ಮನೆ ಹಿಡಿದು ಗಾಳಿಯ ತಿದಿ ಒತ್ತಿದೆ. ಮುದಿ ಎಮ್ಮೆ ಕರೆದಂತಾಯಿತು. ಅಮ್ಮ ಕೇಳಿಸಿಕೊಂಡು, “ಅವಳ ಕೈ ಅಲ್ಲ” ಎಂದಷ್ಟೇ ಅಂದಳು. ನಿನ್ನ ಹೆಸರು ಹೇಳಲಿಲ್ಲ.

ಇಪ್ಪತ್ನಾಲ್ಕಕ್ಕೆ ನೂರ ಹತ್ತೊಂಬತ್ತನೆಯದು ಬರುತ್ತದೆ: ಇಪ್ಪತ್ತೆರಡು ಭಾಗ, ನೂರ ಎಪ್ಪತ್ತಾರು ವಚನ. ನಡುವೆ ಉಸಿರಾಡಲು ಬಿಡುವು ಕೊಡುವವರಿಲ್ಲದೆ ಈ ಸಲ ನನ್ನಿಂದಾಗದು. ಬಂದುಬಿಡು ಅಕ್ಕ. ಜೂನಿನಲ್ಲಿ ನೀನು ಬರೆದದ್ದಕ್ಕೆ ಉತ್ತರ ಬರಲಿಲ್ಲವೆಂದು ಅಮ್ಮನ ಮೇಲೆ ನೊಂದಿರಬಹುದು. ಆ ಮೊಕದ್ದಮೆಯ ಆರೋಪಿ ಬೇರೆ ಇದ್ದಾಳೆ.

ಸುಸ್ತಾದ ನಿನ್ನ ತಂಗಿ,
ಪಮ್ಮಿ

ತಾ.ಕ.: ಆರೋಪಿ ನಾನೇ. ನಿನ್ನ ಪತ್ರವನ್ನೂ ನುಂಗಿದ್ದೆ. ‘ಕ್ಷಮಿಸಮ್ಮ, ಒಂದು ಸಲ ಬರಲಾ’ ಎಂದು ನೀನು ಬರೆದಿದ್ದೆ. ಯಾರ ಪತ್ರವೆಂದು ಅಮ್ಮ ಕೇಳಿದಾಗ ಕರೆಂಟು ಬಿಲ್ಲು ಎಂದೆ. ಗಾಯ ತೊಳೆಯುವವಳು ನಾನು, ನೀನು ಬಂದು ಎರಡು ಸಾಲು ನುಡಿಸಿ ಅಮ್ಮನನ್ನು ಗೆದ್ದುಕೊಂಡು ಹೋಗುತ್ತೀಯೆಂದು ಹೊಟ್ಟೆಕಿಚ್ಚು. ನಿನ್ನೆ ಎಂಬತ್ತೆಂಟರ ಬೆನ್ನಿಗೇ ಅದನ್ನೂ ತಂದು ಓದಿದೆ. ಅಮ್ಮ ನನ್ನನ್ನು ಬೈಯಲಿಲ್ಲ, ಅದೇ ತಡೆಯಲಾಗುತ್ತಿಲ್ಲ. ಹಾಳೆಯನ್ನು ಈಸಿಕೊಂಡು ಬೆರಳಾಡಿಸಿ, “ಇನ್ನೊಂದ್ ಕಿತ ಓದು” ಎಂದಳು. ಇವತ್ತು ಬೆಳಿಗ್ಗೆ ಸೆರಗಿನಲ್ಲಿ ಹಾರ್ಮೋನಿಯಂ ಒರೆಸುತ್ತಾ, ಚಾಮರಾಜನಗರದಿಂದ ಮೊದಲನೇ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದಳು.