ನಾನು ಒಬ್ಬನೇ ಎಂಬುದಕ್ಕೆ ಇಬ್ಬರು ಸಾಕ್ಷಿ

ಶ್ರೀಮನ್ಮಹಾ ಅರ್ಜಿಸ್ವೀಕಾರ ಧುರಂಧರ, ಠಸ್ಸೆಮುದ್ರಾಧರ, ಕಡತಸಾಗರಶಯನ, "ನಾಳೆ ಬರ್ರಿ" ಎಂಬ ಮಹಾಮಂತ್ರವನ್ನು ಕಂಡ ಋಷಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಸೀಮೆಯ ಸಣ್ಣ ಧಂದೆಗಾರರ ಹಣೆಬರಹವನ್ನು ಮೂರು ಪ್ರತಿಗಳಲ್ಲಿ ಬರೆಯಿಸಿ ಒಂದನ್ನು ತಮ್ಮಲ್ಲೇ ಇಟ್ಟುಕೊಳ್ಳುವ, ತಿರುಗುವ ಕುರ್ಚಿಯ ಮೇಲೆ ಟವೆಲ್ ಹಾಸಿ ವಿರಾಜಮಾನರಾದ ನೋಂದಣಿ ಅಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಬಹುಪರಾಕ್, ಬಹುಪರಾಕ್!

ಮಾನ್ಯರೇ,

ನಾನು ಒಬ್ಬನೇ ಇದ್ದೇನೆ. ತಮ್ಮ ಕಚೇರಿ ಅದನ್ನು ನಂಬುತ್ತಿಲ್ಲ. ನನ್ನ ತಕರಾರು ಇಷ್ಟೇ.

ಇದನ್ನು ಹೇಳಲು ಒಂದು ಸಾಲು ಸಾಕಿತ್ತು. ಆ ಸಾಲನ್ನು ಅರ್ಜಿಯಲ್ಲಿ ಐದು ಸಲ ಬರೆದುಕೊಟ್ಟೆ, ಐದು ಸಲವೂ ಅದು ತವರಿಗೆ ಬಂದ ಮಗಳ ಹಾಗೆ ಮರಳಿ ನನ್ನ ಮನೆಗೇ ಬಂತು. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಪೇಪರಿನಲ್ಲಿ ಬರೆಯುತ್ತಿದ್ದೇನೆ. ಊರಿಗೆಲ್ಲ ಕೇಳುವಂತೆ ಒದರುವುದೇ ನನ್ನ ಧಂದೆ, ಅದು ಬೇರೆ ಮಾತು. ತಮ್ಮ ಕಚೇರಿ ಯಾವ ಊರಿನಲ್ಲಿದೆ ಎಂದು ಮಾತ್ರ ಬರೆಯುವುದಿಲ್ಲ. ನಾಲ್ಕೂ ತಾಲೂಕಿನವರು ಓದಿ, ಇದು ನಮ್ಮೂರಿನದೇ ಎಂದುಕೊಳ್ಳುವ ಸುಖ ಯಾರಿಗೂ ತಪ್ಪಬಾರದು.

ಮೊದಲು ಧಂದೆಯ ವಿವರ. ಓಣಿಗೆ ಮಾರಲು ಬರುವವರು ಈಗ ಯಾರೂ ಬಾಯಿಂದ ಕೂಗುವುದಿಲ್ಲ. ಗಾಡಿಗೆ ಒಂದು ಸಣ್ಣ ಸ್ಪೀಕರ್ ಕಟ್ಟಿರುತ್ತಾರೆ, ಅದರೊಳಗಿನ ದನಿ ಕೂಗುತ್ತಿರುತ್ತದೆ. ಆ ದನಿ ನಾನು. ದೊಡವಾಡದಲ್ಲಿ ಮೆಂತ್ಯ, ಪಾಲಕ ಮಾರುವವನು ನಾನು. ಚಚಡಿಯಲ್ಲಿ ಹಳೇ ಕಬ್ಬಿಣ ಕೊಳ್ಳುವವನು ನಾನು. ಬೈಲಹೊಂಗಲದ ಓಣಿಗಳಲ್ಲಿ ಕೆಟ್ಟ ಮಿಕ್ಸರನ್ನು ನಿಂತ ಕಾಲಲ್ಲೇ ದುರಸ್ತಿ ಮಾಡಿಕೊಡುತ್ತೇನೆಂದು ದಿನಕ್ಕೆ ಸಾವಿರ ಸಲ ಆಣೆ ಮಾಡುವವನೂ ನಾನೇ. ಎಲ್ಲಕ್ಕೂ ಒಂದೇ ದನಿಯಾದರೆ ಜನ ಬೇಸರಪಡುತ್ತಾರೆಂದು ಕೆಲವು ದನಿಗಳನ್ನು ಸಾಕಿಕೊಂಡಿದ್ದೇನೆ. ಕಾಯಿಪಲ್ಯಕ್ಕೆ ಕೃಷ್ಣವ್ವ: ವಯಸ್ಸು ನಲವತ್ತೈದರ ಆಸುಪಾಸು, ಬಾಯಿ ಜೋರು, ಕರುಳು ಮೆತ್ತಗೆ. ಗುಜರಿಗೆ ಲಗಮಪ್ಪ: ಮುದುಕ, ಮಾತಿಗೊಮ್ಮೆ ಕೆಮ್ಮುತ್ತಾನೆ. ಟ್ಯೂಷನ್ನಿಗೆ, ಬ್ಯೂಟಿ ಪಾರ್ಲರಿಗೆ ಶೀತಲ: ಬೆಳಗಾವಿಯಲ್ಲಿ ಕಲಿತು ಬಂದ ಹುಡುಗಿಯಂತೆ ಮೂಗಿನಿಂದ ಮಾತಾಡುತ್ತಾಳೆ. ನಾಲ್ಕನೆಯದು ನನ್ನ ಸ್ವಂತ ದನಿ. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಯಾಕೆ ಕೇಳಿರಲಿಲ್ಲ ಎಂಬುದಕ್ಕೂ ಕಾರಣ ನಾನೇ. ಹತ್ತನೇ ಇಯತ್ತೆಯಲ್ಲಿದ್ದಾಗ ಊರಲ್ಲಿ ನೀರು ಬಿಡುವವನ ದನಿಯಲ್ಲಿ, "ಇವತ್ತ ಎರಡ ತಾಸ ನೀರ ಬಿಡತೇವ್ರೀ" ಎಂದು ಗುಡಿಯ ಮೈಕಿನಲ್ಲಿ ಸಾರಿಬಿಟ್ಟೆ. ಇಡೀ ಓಣಿ ಕೊಡಗಳನ್ನು ಸಾಲಿಗಿಟ್ಟು ಸಂಜೆಯವರೆಗೆ ಕುಳಿತಿತ್ತು. ನಾನೂ ನನ್ನ ಗೆಳೆಯರಿಬ್ಬರೂ ಮೂರು ದಿನ ನಕ್ಕೆವು. ಆ ಗೆಳೆಯರಲ್ಲಿ ಒಬ್ಬ ಈಗ ಹುಬ್ಬಳ್ಳಿಯ ಶೋರೂಮಿನಲ್ಲಿದ್ದಾನೆ, ಇನ್ನೊಬ್ಬ ಕೊಲ್ಹಾಪುರದಲ್ಲಿ; ನಾನು ಕಳಿಸಿದ ಆಡಿಯೋಗಳಿಗೆ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಊರಿನವರು ಮಾತ್ರ ಅಂದಿನಿಂದ ನನ್ನ ಮಾತಿಗೆಲ್ಲ ಒಂದೇ ಉತ್ತರ ಇಟ್ಟುಕೊಂಡಿದ್ದಾರೆ: "ಮಾಂತ್ಯಾ ಹೇಳಿದ್ನಾ? ಹಂಗಾರ ಬಿಡು." ಹೋದ ವರ್ಷ ಮೈ ಸುಡುವ ಜ್ವರದಲ್ಲಿ ಅಣ್ಣನ ಮನೆಗೆ ಫೋನ್ ಮಾಡಿ, "ವೈನೀ, ಆರಾಮಿಲ್ಲ" ಎಂದರೆ ಅತ್ತಿಗೆ ಬಿದ್ದು ಬಿದ್ದು ನಕ್ಕರು. "ಇದು ಯಾರ ದನೀ ಮಾಂತೇಶಾ? ಭಾಳ ಛಲೋ ತಗದೀ ನೋಡು!"

ಹೀಗಿರುವಾಗ ದೀಪಾವಳಿ ಕಳೆದ ಮೇಲೆ ಉಗರಗೋಳದ ಮಡಿವಾಳೆಪ್ಪನವರು ನನ್ನ ಒಂಟಿ ಕೋಣೆಯ ಬಾಡಿಗೆ ಖೋಲಿಗೆ ಬಂದರು. ಎಲ್ಲಮ್ಮನ ಗುಡ್ಡಕ್ಕೆ ಬರುವವರ ಗಾಡಿ ನಿಲ್ಲಿಸುವ ಜಾಗವೊಂದನ್ನು ಗುತ್ತಿಗೆ ಹಿಡಿದವರು. ಹುಣ್ಣಿಮೆ ಜಾತ್ರೆಯ ಗದ್ದಲದಲ್ಲಿ ತಮ್ಮವರಿಂದ ತಪ್ಪಿಸಿಕೊಂಡವರಿಗೆ ದಾರಿ ಹೇಳುವ ಒಂದು ಪ್ರಕಟಣೆ ಬೇಕಿತ್ತು. ನಾನು ಕೃಷ್ಣವ್ವನನ್ನು ಕೇಳಿಸಿದೆ, ಲಗಮಪ್ಪನನ್ನು ಕೆಮ್ಮಿಸಿದೆ, ಶೀತಲಳನ್ನು ಕುಣಿಸಿದೆ. ಮಡಿವಾಳೆಪ್ಪನವರು ಮೂವರಿಗೂ ತಲೆ ಅಲ್ಲಾಡಿಸಿದರು.

"ಇವೆಲ್ಲಾ ಮಾರೂ ದನಿ ಆದುವಪಾ. ತಪ್ಪಿಸಿಕೊಂಡು ಅಳಾಕ ಹತ್ತಿದಾವರಿಗೆ ಮಾರೂ ದನಿ ಕೇಳಿಸಿದ್ರ ಮತ್ತಷ್ಟು ಗಾಬರಿ ಆಗತಾರ. ನೀ ಈಗ, 'ಕುಂಡ್ರಿ, ಚಾ ತರತೇನಿ' ಅಂದ್ಯಲ್ಲಾ, ಅದು ಯಾರ ದನಿ?"

"ಅದು ನಂದ್ರೀ."

"ಅದ ಬೇಕು."

ಚೇಷ್ಟೆ ಮಾಡುತ್ತಿದ್ದಾರೋ ಎಂದು ಎರಡು ಸಲ ಕೇಳಿದೆ. ಚೇಷ್ಟೆಯಲ್ಲ. ಹೇಳಬೇಕಾದ ಮಾತನ್ನೂ ಬರೆದು ತಂದಿದ್ದರು: ನಿಮ್ಮವರು ಕಾಣದಿದ್ದರೆ ಬೇವಿನ ಗಿಡದ ಕೆಳಗೆ ಬಂದು ನಿಲ್ಲಿರಿ. ಗಾಬರಿಯಾಗಬೇಡಿರಿ. ಹುಡುಕಿಕೊಂಡು ಯಾರಾದರೂ ಬಂದೇ ಬರುತ್ತಾರೆ. ಆದರೆ ಒಂದು ಷರತ್ತು. ಬಿಲ್ಲು ನೋಂದಣಿಯಾದ ಧಂದೆಯದೇ ಬೇಕು, ಬನದ ಹುಣ್ಣಿಮೆಯೊಳಗೆ ಬೇಕು. ಇಲ್ಲದಿದ್ದರೆ ಅವರು ಬೇರೆ ಊರಿನ, ಬೇರೆ ಯಾರದೋ ದನಿ ನೋಡಿಕೊಳ್ಳುತ್ತಾರೆ. ನನ್ನ ಸ್ವಂತ ದನಿಗೆ ಬಂದ ಮೊಟ್ಟಮೊದಲ ಗಿರಾಕಿ ತಮ್ಮ ಒಂದು ಠಸ್ಸೆಯ ಮೇಲೆ ನಿಂತಿದ್ದಾನೆ, ಮಾನ್ಯರೇ. ಈ ಪತ್ರ ಬರೆಯುವ ಹೊತ್ತಿಗೆ ಹುಣ್ಣಿಮೆಗೆ ಹದಿನೆಂಟು ದಿನ ಉಳಿದಿವೆ.

ಮರುದಿನವೇ ತಮ್ಮ ಕಚೇರಿಯ ಕಿಡಕಿಯ ಮುಂದೆ ನಿಂತೆ. ಅಲ್ಲಿ ಕುಳಿತಿದ್ದ ಗುಮಾಸ್ತೆ ಬಾಯಿಯವರು ಅರ್ಜಿ ಓದಿದರು. ಧಂದೆಯ ಸ್ವರೂಪ ಎಂಬಲ್ಲಿ ನಾನು ಪ್ರಾಮಾಣಿಕವಾಗಿ 'ಒದರುವುದು' ಎಂದು ಬರೆದಿದ್ದೆ.

"ಒದರೂದಕ್ಕ ನೋಂದಣಿ ಯಾಕ ಬೇಕೋ? ನಮ್ಮ ಮನ್ಯಾಗ ಎಲ್ಲಾರೂ ನೋಂದಣಿ ಇಲ್ದ ಒದರತಾರ."

"ನಾ ಮಂದಿ ಸಲುವಾಗಿ ಒದರತೇನ್ರೀ ಅಕ್ಕಾರ."

"ಕೆಲಸಕ್ಕ ಎಷ್ಟ ಮಂದಿ ಅದಾರ?"

"ಯಾರೂ ಇಲ್ರೀ. ಮಾಲಕನೂ ನಾನ, ಆಳೂ ನಾನ."

"ಏಕವ್ಯಕ್ತಿ," ಎಂದು ಬಾಯಿಯವರು ಬರೆದುಕೊಂಡರು. ಒಳ್ಳೆಯ ಶಬ್ದ. ನನ್ನ ಪರಿಸ್ಥಿತಿಗೆ ಸರಕಾರ ಇಷ್ಟು ಗಂಭೀರವಾದ ಹೆಸರು ಇಟ್ಟಿದೆಯೆಂದು ಗೊತ್ತೇ ಇರಲಿಲ್ಲ. ಓಣಿಯಲ್ಲಿ ಇದಕ್ಕೆ 'ಒಂಟಿಪಿಶಾಚಿ' ಎನ್ನುತ್ತಾರೆ.

ಆಮೇಲೆ ಸ್ಥಳ ತಪಾಸಣೆ. ಒಂದು ಬುಧವಾರ ಮಧ್ಯಾಹ್ನ ತಮ್ಮ ತಪಾಸಣೆಯವರು ಬಂದರು, ಹೋದರು, ವರದಿ ಬರೆದರು. ವರದಿಯ ಒಂದು ಭಾಗವನ್ನು ಓದುಗರ ಸಂತೋಷಕ್ಕಾಗಿ ಇಲ್ಲಿ ಇಳಿಸುತ್ತೇನೆ: "ಸದರಿ ಖೋಲಿಯ ಬಾಗಿಲು ಒಳಗಿನಿಂದ ಹಾಕಿದ್ದು, ಒಳಗೆ ಒಬ್ಬ ಮಧ್ಯವಯಸ್ಕ ಮಹಿಳೆ, ಒಬ್ಬ ವೃದ್ಧ, ಒಬ್ಬ ಯುವತಿ ಹಾಗೂ ಅರ್ಜಿದಾರ ಮಾತನಾಡುತ್ತಿರುವುದು ಸ್ಪಷ್ಟವಾಗಿ ಕೇಳಿಬಂದಿರುತ್ತದೆ. ಬಾಗಿಲು ಬಡಿಯಲಾಗಿ ಎಲ್ಲರೂ ಒಮ್ಮೆಲೇ ಮೌನ ವಹಿಸಿರುತ್ತಾರೆ. ಆದ್ದರಿಂದ ಅರ್ಜಿದಾರರು ಮೂವರು ಕೆಲಸಗಾರರನ್ನು ಮರೆಮಾಚಿ ಏಕವ್ಯಕ್ತಿ ಎಂದು ಸುಳ್ಳು ಮಾಹಿತಿ ನೀಡಿರುತ್ತಾರೆ."

ಎಂಥ ಕಿವಿ! ಎಂಥ ತರ್ಕ! ದನಿ ಮಾಡುವುದೇ ಧಂದೆ ಎಂದು ಅರ್ಜಿಯಲ್ಲಿ ಬರೆದವನ ಬಾಗಿಲಿಗೆ ಹೋಗಿ, ದನಿ ಕೇಳಿತು ಎಂದು ಗುನ್ನೆ ದಾಖಲಿಸುವುದಾದರೆ, ನಾಳೆ ಕುಂಬಾರನ ಮನೆಗೆ ಹೋಗಿ 'ಮಣ್ಣು ಸಿಕ್ಕಿತು' ಎಂದು ಪಂಚನಾಮೆ ಮಾಡಿಸುತ್ತೀರೋ? ಅಂದು ನಾನು ಪಾತ್ರೆ-ಭಾಂಡೆ ಅಂಗಡಿಯೊಂದಕ್ಕೆ ನಾಟಕದ ಮಾದರಿಯ ಜಾಹೀರಾತು ಧ್ವನಿಮುದ್ರಿಸುತ್ತಿದ್ದೆ. ಅದರಲ್ಲಿ ಅತ್ತೆ, ಮಾವ, ಸೊಸೆ, ಮಗ ಎಲ್ಲರೂ ಬರುತ್ತಾರೆ. ಕಿವಿಗೆ ಹೆಡ್‌ಫೋನ್ ಇತ್ತು, ಬಾಗಿಲು ಬಡಿದದ್ದು ಕೇಳಲಿಲ್ಲ. 'ಒಮ್ಮೆಲೇ ಮೌನ' ಎಂದರೆ ಧ್ವನಿಮುದ್ರಣ ಮುಗಿದಿತ್ತು, ಅಷ್ಟೇ. ಇದಕ್ಕಿಂತ ಸರಳವಾದ ವಿವರಣೆ ಜಗತ್ತಿನಲ್ಲಿ ಇನ್ನೊಂದಿದೆಯೇ?

ತಮ್ಮ ಕಚೇರಿಗೆ ಸರಳವಾದದ್ದು ಒಗ್ಗುವುದಿಲ್ಲ. ಆ ಮೂವರ ಆಧಾರ್ ಪ್ರತಿ, ಭಾವಚಿತ್ರ, ಹಾಜರಿ ಪುಸ್ತಕ ತರಬೇಕು, ಇಲ್ಲವೇ ನಾನು ಒಬ್ಬನೇ ಎಂದು ಇಬ್ಬರು ಸಾಕ್ಷಿಗಳಿಂದ ಬರೆಸಿಕೊಂಡು ಬರಬೇಕು ಎಂದು ಆಜ್ಞೆಯಾಯಿತು. ಲಗಮಪ್ಪನ ಭಾವಚಿತ್ರ ತೆಗೆಸಲು ಸ್ಟುಡಿಯೋದವರು ಒಪ್ಪದ್ದರಿಂದ ಸಾಕ್ಷಿಗಳನ್ನೇ ಹುಡುಕಿದೆ.

ಮೊದಲು ಕಾಡವ್ವನ ಬಳಿ ಹೋದೆ. ದೊಡವಾಡದಲ್ಲಿ ಕಾಯಿಪಲ್ಯ ಮಾರುವಾಕೆ, ನನ್ನ ಮೊದಲ ಗಿರಾಕಿ. ಕೂಗಿ ಕೂಗಿ ಅವಳ ಗಂಟಲು ಹೋಗಿದೆ. ಅವಳ ಗಾಡಿಯ ಮೇಲೆ ಕೂಗುವವಳು ನನ್ನ ಕೃಷ್ಣವ್ವ.

"ಎಲ್ಲಿ ಹೆಬ್ಬಟ್ಟ ಒತ್ತಲಿ ಹೇಳೋ ತಮ್ಮಾ," ಎಂದಳು. ಏನು ಬರೆದಿದೆ ಎಂದು ಓದಿ ಹೇಳಿದೆ: ಸದರಿ ವ್ಯಕ್ತಿ ಸದರಿ ಖೋಲಿಯಲ್ಲಿ ಒಬ್ಬನೇ ಇರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದೆ ಬಂದ ಹೆಬ್ಬಟ್ಟು ಹಿಂದಕ್ಕೆ ಹೋಯಿತು.

"ನಾ ಎಲ್ಲಿ ನೋಡೇನೋ? ನಾ ಬಂದಾಗ ನೀ ಒಬ್ಬಾವ ಎಲ್ಲಿರತಿ, ನಾನೂ ಇರತೇನಲ್ಲ. ನಾ ಹೋದ ಮ್ಯಾಲ ನೀ ಒಬ್ಬಾವ. ನಾ ಹೋದ ಮ್ಯಾಲ ಆಗೂದನ್ನ ನಾ ಹ್ಯಾಂಗ ನೋಡ್ಲಿ?"

"ಯವ್ವಾ, ಸುಮ್ನ ಒತ್ತ."

"ಮತ್ತ ಕೃಷ್ಣವ್ವ ಇಲ್ಲ ಅಂದಂಗ ಆತಲ್ಲೋ. ಮಂದಿ ನನಗ ಕೃಷ್ಣವ್ವ ಅಂತನ ಕರೀತಾರ ಈಗ. ಆಕಿ ಮ್ಯಾಲ ನನ್ನ ಹೊಟ್ಟಿ ನಡದೈತಿ. ಆಕಿ ಇಲ್ಲ ಅಂತ ನಾ ಹ್ಯಾಂಗ ಒತ್ತಲಿ?"

ಗಾಡಿ ತಳ್ಳಿಕೊಂಡು ಹೋದಳು. ಮೇಲಿನ ಸ್ಪೀಕರಿನಲ್ಲಿ ನಾನೇ, "ಬರ್ರಿ ಅಕ್ಕಾರ, ಬರ್ರಿ" ಎಂದು ಕರೆಯುತ್ತ ತಿರುವಿನಲ್ಲಿ ಮರೆಯಾದೆ. ಮಾನ್ಯರೇ, ಕಾಡವ್ವ ಶಾಲೆಗೆ ಹೋದವಳಲ್ಲ, ಆದರೆ ತಮ್ಮ ನಮೂನೆಯ ತಳಕ್ಕೆ ಒಂದೇ ಮಾತಿನಲ್ಲಿ ತೂತು ಹಾಕಿದಳು. ಯಾವ ಸಾಕ್ಷಿ ಬಂದು ನೋಡಿದರೂ ಆ ಗಳಿಗೆಗೆ ನಾನು ಒಬ್ಬನಲ್ಲ. ನಾನು ಒಬ್ಬನೇ ಇರುವ ಗಳಿಗೆಗೆ ಸಾಕ್ಷಿಯಿಲ್ಲ. ಒಬ್ಬನೇ ಇರುವುದು ಎಂದರೆ ಅದೇ ಅಲ್ಲವೇ?

ಎರಡನೆಯವರು ನನ್ನ ಖೋಲಿಯ ಮಾಲೀಕರು, ವೆಂಕಣ್ಣ ಮಾಸ್ತರರು. ಹಿಂದಿನ ಮನೆಯಲ್ಲೇ ಇದ್ದಾರೆ. ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿ ನನ್ನ ಕೈಗೇ ಕೊಟ್ಟರು.

"ಇದು ಸುಳ್ಳು ಸಹಿ ಮಾಡಿದ ಕೈ ಅಲ್ಲಪಾ. ನಿನ್ನ ಖೋಲಿಯೊಳಗ ಒಂದು ಹೆಣ್ಣಮಗಳು ಅದಾಳ. ನಮ್ಮ ಮನಿಯಾಕಿ ಆಕಿ ಜೋಡಿ ಮಾತಾಡ್ಯಾಳ."

ಇಲ್ಲಿ ತಮಗೊಂದು ಹಿನ್ನೆಲೆ ಹೇಳಬೇಕು. ಶ್ರಾವಣದ ಒಂದು ಶುಕ್ರವಾರ ಮಾಸ್ತರರ ಪತ್ನಿ ಭಾಗೀರಥಿಬಾಯಿಯವರು ನನ್ನ ಬಾಗಿಲಾಚೆ ಹಾದುಹೋಗುವಾಗ ಒಳಗೆ ಕೃಷ್ಣವ್ವನ ದನಿ ಕೇಳಿ, "ಒಳಗ ಯಾರಿದ್ದೀರವಾ? ಸಂಜೀಕ ಅರಿಷಿಣ-ಕುಂಕುಮಕ್ಕ ಬಾರವಾ" ಎಂದಿದ್ದರು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. "ಬರತೇನ್ರೀ ಅಕ್ಕಾರ, ಒಲಿ ಮ್ಯಾಲ ಅನ್ನ ಐತ್ರೀ" ಎಂದುಬಿಟ್ಟಿದ್ದೆ. ಅವರು ಖಣ, ತೆಂಗಿನಕಾಯಿ ಎತ್ತಿಟ್ಟು ದೀಪ ಹಚ್ಚುವವರೆಗೆ ಕಾದರಂತೆ. ಇದು ನನಗೆ ಗೊತ್ತಾದದ್ದು ಈಗ, ಮಾಸ್ತರರ ಬಾಯಿಂದ.

"ಆ ದನಿ ನಂದ್ರೀ ಸರ್," ಎಂದೆ. ನಂಬಲಿಲ್ಲ. ಪುರಾವೆಗಾಗಿ ಅಲ್ಲೇ ಕಟ್ಟೆಯ ಮೇಲೆ ನಿಂತು ಕೃಷ್ಣವ್ವನ ದನಿ ತೆಗೆದೆ: "ಆರಾಮ ಅದೀರೇನ್ರೀ ಅಕ್ಕಾರ?" ಒಳಗೆ ಪಾತ್ರೆ ಇಟ್ಟ ಸಪ್ಪಳವಾಯಿತು. ಭಾಗೀರಥಿಬಾಯಿ ಕೈ ಒರೆಸಿಕೊಳ್ಳುತ್ತ ಬಂದವರು, ನನ್ನನ್ನು ದಾಟಿ ನನ್ನ ಹಿಂದೆ ನೋಡಿದರು.

"ಬಂದ್ಲೇನು? ಎಲ್ಲಿ ಇದ್ದಾಳ?"

ಹಿಂದೆ ಯಾರೂ ಇರಲಿಲ್ಲ. ಅವರು ಬೀದಿಯ ತುದಿಯವರೆಗೆ ನೋಡಿದರು. ಆಮೇಲೆ ಗಂಡನಿಗೆ, "ಪಾಪ, ಜಗಳಾಡಿ ಕಳಿಸ್ಯಾನ ಕಾಣಸ್ತದ" ಎಂದು ಒಳಗೆ ಹೋದರು. ಜೀವಮಾನದಲ್ಲಿ ಮೊದಲ ಸಲ ಒಂದು ಚೇಷ್ಟೆಗೆ ನನಗೆ ನಗು ಬರಲಿಲ್ಲ. ಅದು ನನ್ನದೇ ಚೇಷ್ಟೆಯಾಗಿತ್ತು. ಸಹಿ ಕೇಳುವ ಧೈರ್ಯವೂ ಉಳಿಯಲಿಲ್ಲ.

ಹೀಗೆ, ಮಾನ್ಯರೇ, ನಾಲ್ಕು ತಾಲೂಕುಗಳ ಬಾಗಿಲುಗಳಲ್ಲಿ ದಿನವೂ ಕರೆಯುವ ನನಗೆ ಕಾಗದದ ಮೇಲೆ ಹೆಸರು ಬರೆಯಲು ಇಬ್ಬರು ಸಿಗಲಿಲ್ಲ. ಇಬ್ಬರು ಸಿಗುವಂತಿದ್ದರೆ ನಾನು ಒಬ್ಬನೇ ಹೇಗಾಗುತ್ತಿದ್ದೆ? ಮಧ್ಯಾಹ್ನ ಖೋಲಿಯಲ್ಲಿ ಕುಳಿತಿರುವಾಗ ಬೀದಿಯಲ್ಲಿ ನನ್ನದೇ ದನಿ, "ಓ ಅಣ್ಣಾರ, ಹೊರಗ ಬರ್ರಿ" ಎಂದು ಕರೆಯುತ್ತ ಹೋಗುತ್ತದೆ. ಕೆಲವು ಸಲ ಎದ್ದು ಬಾಗಿಲವರೆಗೆ ಹೋಗಿಯೂ ಇದ್ದೇನೆ. ಇದನ್ನು ತಮ್ಮ ನಮೂನೆಯ ಯಾವ ಅಂಕಣದಲ್ಲಿ ತುಂಬಬೇಕು?

ಆದ್ದರಿಂದ ನನ್ನ ಬೇಡಿಕೆ. 'ಕೆಲಸ ಮಾಡುವವರ ಒಟ್ಟು ಸಂಖ್ಯೆ' ಎಂಬಲ್ಲಿ ತಮ್ಮವರು ಬರೆದ ನಾಲ್ಕನ್ನು ಹೊಡೆದುಹಾಕಿ ಒಂದು ಎಂದು ಬರೆದು, ಬನದ ಹುಣ್ಣಿಮೆಯೊಳಗೆ ನನಗೆ ನೋಂದಣಿ ಪತ್ರ ಕೊಡಬೇಕು. ನಂಬಿಕೆ ಬಾರದಿದ್ದರೆ ತಾವೇ ಖುದ್ದಾಗಿ ತಪಾಸಣೆಗೆ ಬನ್ನಿ. ಬೆಳಗಿನಿಂದ ಸಂಜೆಯವರೆಗೆ ಕುಳಿತು ನೋಡಿ. ಚಾ ನಾನು ಮಾಡುತ್ತೇನೆ. ತಾವು ಕುಳಿತಿರುವಷ್ಟು ಹೊತ್ತು ನಾನು ಒಬ್ಬನಲ್ಲವಾದ್ದರಿಂದ, ಕಾಡವ್ವನ ಲೆಕ್ಕದಲ್ಲಿ ತಪಾಸಣೆ ಪೂರ್ತಿಯಾಗದು, ಮರುದಿನವೂ ಬರಬೇಕಾದೀತು. ಆ ಬಗ್ಗೆ ಮಾತ್ರ ನನ್ನ ತಕರಾರು ಇರುವುದಿಲ್ಲ.

ಇಂತಿ ತಮ್ಮ ಕಡತದ ಪ್ರಕಾರ ನಾಲ್ವರಲ್ಲಿ ಒಬ್ಬನೂ,
ಖೋಲಿಯ ಪ್ರಕಾರ ಒಬ್ಬನೇ ಒಬ್ಬನೂ ಆದ
ಮಾಂತೇಶ
ಒದರುವ ಧಂದೆ, ಬೈಲಹೊಂಗಲ

ತಾ.ಕ.: ಭಾಂಡೆ ಅಂಗಡಿಯ ಜಾಹೀರಾತು ಎಂದು ಮೇಲೆ ಬರೆದಿದ್ದೇನೆ. ಆ ಬುಧವಾರ ಯಾವ ಆರ್ಡರೂ ಇರಲಿಲ್ಲ. ಮೈಕು, ಹೆಡ್‌ಫೋನ್ ಎರಡೂ ಡಬ್ಬಿಯಲ್ಲಿದ್ದವು. ನಾನು ಊಟಕ್ಕೆ ಕುಳಿತಿದ್ದೆ. ಕೃಷ್ಣವ್ವ, "ಇನ್ನೊಂದ ರೊಟ್ಟಿ ತೊಗೋ, ಎಷ್ಟ ಸೊರಗೀ ನೋಡು" ಎಂದಳು. ಲಗಮಪ್ಪ ಕೆಮ್ಮಿ, "ಹುಡುಗಗ ಕಾಡಬ್ಯಾಡವಾ" ಎಂದ. ಶೀತಲ ನಕ್ಕಳು. ನಾನು ಬೇಡ ಎನ್ನುತ್ತಲೇ ಇನ್ನೊಂದು ರೊಟ್ಟಿ ಹಾಕಿಕೊಂಡೆ. ಅಷ್ಟರಲ್ಲಿ ತಮ್ಮವರು ಬಾಗಿಲು ಬಡಿದರು. ಚೆನ್ನಾಗಿಯೇ ಕೇಳಿಸಿತು. ನಾವು ಸುಮ್ಮನಾದೆವು.