ಕೇಳಿದ್ದು ನಾನು

12 ಜುಲೈ 2004, ಸಂಜೆ

ಸಾರಿಗೆ ಒಗ್ಗರಣೆ ಹಾಕಿ ಕೂತೆ. ಇವರು ಟಿವಿ ಮುಂದೆ.

ಶಾಲೆಗೆ ಅರ್ಧ ದಿನ ರಜೆ ಹಾಕಿ ಡಾಕ್ಟರ್ ಹತ್ತಿರ ಹೋಗಿದ್ದಾಯ್ತು. ಕೊಲೆಸ್ಟ್ರಾಲ್ ಇನ್ನೂರ ತೊಂಬತ್ತು. ಅಣ್ಣ ಐವತ್ತಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದ. ನನಗೀಗ ಐವತ್ತೊಂದು. ರಾತ್ರಿ ಊಟ ಆದಮೇಲೆ ಒಂದು ಮಾತ್ರೆ.

ಎಷ್ಟು ದಿನ ತಗೋಬೇಕು ಡಾಕ್ಟ್ರೇ? — ಕೇಳಿದ್ದು ನಾನು. ಅವರು ಉತ್ತರ ಹೇಳಿದ್ದು ಇವರ ಮುಖ ನೋಡಿಕೊಂಡು. "ಲೈಫ್ ಲಾಂಗ್ ಸಾರ್. ಬಿಟ್ಟರೆ ಮತ್ತೆ ಏರುತ್ತೆ."

ಲಿವರ್‌ಗೆ ಏನಾದರೂ... ಅನ್ನುವಷ್ಟರಲ್ಲಿ ಇವರು ಎದ್ದೇಬಿಟ್ಟರು. "ಹೊರಗೆ ಜನ ಕಾಯ್ತಿದಾರೆ ಕಣೇ."

ರಿಟೈರಾದರೂ ಹೆಡ್‌ಮಾಸ್ಟರೇ. ಮನೆಯಲ್ಲೂ.

22 ಸೆಪ್ಟೆಂಬರ್

ರಿಪೋರ್ಟ್ ಬಂತು. ನೂರಾ ತೊಂಬತ್ತಕ್ಕೆ ಇಳಿದಿದೆ. ಹಾಗಾದರೆ ಮಾತ್ರೆ ನಿಲ್ಲಿಸಬಹುದಾ ಅಂದೆ. "ಇಳಿದಿರೋದೇ ಮಾತ್ರೆಯಿಂದ," ಅಂದರು ಡಾಕ್ಟರು. ಇವರಿಗೆ.

ಮಾತ್ರೆ ಮೇಲೆ ನನಗೇನೂ ಸಿಟ್ಟಿಲ್ಲ.

7 ಅಕ್ಟೋಬರ್

ವಾರದಿಂದ ಕೆಮ್ಮು. ಬಸ್‌ಸ್ಟ್ಯಾಂಡ್ ಹತ್ತಿರ ಬೇರೆ ಡಾಕ್ಟರು. ಆ್ಯಂಟಿಬಯಾಟಿಕ್ ಬರೆದರು.

ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ ತಗೋತೀನಿ, ಅದರ ಜೊತೆ ಇದೂ —

"ಇವಳದು ಇದ್ದದ್ದೇ ಸಾರ್. ನಿಮಗೇ ಪಾಠ ಮಾಡ್ತಾಳೆ." ಇಬ್ಬರೂ ನಕ್ಕರು. ಚೀಟಿ ಇವರ ಕೈಗೇ ಬಂತು.

12 ಅಕ್ಟೋಬರ್

ತೊಡೆ ಎರಡೂ ಕುಟ್ಟಿ ಹಾಕಿದ ಹಾಗೆ ನೋವು. ನೆಲದ ಮೇಲೆ ಕೂತರೆ ಗೋಡೆ ಹಿಡಿದೇ ಏಳಬೇಕು. ಹೇಳಿದೆ. "ದಸರಾ ಗೊಂಬೆ ಪೆಟ್ಟಿಗೆ ಇಳಿಸಿದೆಯಲ್ಲ, ಅದಕ್ಕೇ. ವಯಸ್ಸೂ ಆಯ್ತು."

14 ಅಕ್ಟೋಬರ್, ಬೆಳಿಗ್ಗೆ

ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಹೋಗ್ತಿದೆ. ನಾಚಿಕೆ ಬಿಟ್ಟು ಹೇಳಿದೆ. ಇವರು ಕನ್ನಡಿ ಮುಂದೆ ಕ್ರಾಪ್ ಸರಿ ಮಾಡ್ಕೊತಿದ್ದರು. ಅರಕಲಗೂಡಿನಲ್ಲಿ ಹಳೆ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದಾರೆ.

"ನೀರು ಜಾಸ್ತಿ ಕುಡಿ. ಸಂಜೆ ಬಂದು ನೋಡೋಣ."

ಹೋದರು.

25 ಅಕ್ಟೋಬರ್, ಹಾಸನ, ಆಸ್ಪತ್ರೆ

ಪೆನ್ನು ಹಿಡಿಯೋಕೆ ಇವತ್ತು ಆಯ್ತು.

ಅವತ್ತು ಹಿತ್ತಲ ಮೆಟ್ಟಿಲಲ್ಲಿ ಕುಸಿದವಳು ಏಳಲಿಲ್ಲ. ಕಾಂಪೌಂಡ್ ಆಚೆಯಿಂದ ನೋಡಿದ್ದು ಪಕ್ಕದ ಮನೆ ಬೆಟ್ಟಮ್ಮ. "ಮೊಕ ಎಂಗಾಗೈತೆ ಟೀಚರಮ್ಮ... ಮೇಷ್ಟ್ರು ಬರಗಂಟ ಕಾಯಕ್ಕಾಯ್ತದಾ? ನಡೀರಿ, ನಮ್ ಕಾರೈತೆ." ಹಾಸನದ ತನಕ ನನ್ನ ತಲೆ ಅವಳ ತೊಡೆ ಮೇಲೇ.

ಇಲ್ಲಿಯ ಡಾಕ್ಟರ್ ಹೆಂಗಸು. ಏನೇನು ಮಾತ್ರೆ ತಗೋತಿದ್ರಿ ಅಂತ ನನ್ನನ್ನೇ ಕೇಳಿದರು. ಆ ಎರಡು ಮಾತ್ರೆ ಒಟ್ಟಿಗೆ ಕೊಡಬಾರದಂತೆ. ಕೊಲೆಸ್ಟ್ರಾಲ್ ಮಾತ್ರೆ ರಕ್ತದಲ್ಲಿ ಏರಿ ಸ್ನಾಯು ಕರಗಿದೆ, ಅದು ಕಿಡ್ನಿಗೆ ಇಳಿದಿದೆ. "ಅಪರೂಪಮ್ಮ. ಆದರೆ ಮೈಕೈ ನೋವು, ಈ ಬಣ್ಣ ಕಂಡ ತಕ್ಷಣ ಬರಬೇಕಿತ್ತು."

ಇವರು ಅವತ್ತು ಸಂಜೆ ಬಂದರು. ಶಾಲು, ಹಣ್ಣಿನ ಬುಟ್ಟಿ ಇನ್ನೂ ಕೈಯಲ್ಲೇ. "ನಮಗೇನೂ ಹೇಳಲೇ ಇಲ್ಲ ಡಾಕ್ಟ್ರೇ ಇವಳು."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೇಳಿದ್ದೆ," ಅಂದೆ.

ಬೆಟ್ಟಮ್ಮ ಕಿಟಕಿ ಕಡೆ ಮುಖ ಮಾಡಿಕೊಂಡಳು.

30 ನವೆಂಬರ್, ಮನೆ

ಚೆಕಪ್‌ಗೆ ಹಾಸನದ ಆ ಲೇಡಿ ಡಾಕ್ಟರ ಹತ್ತಿರವೇ ಹೋಗಿದ್ದೆ. ಕಿಡ್ನಿ ಸರಿಹೋಗಿದೆ. ಕಾಲಿಗೆ ಇನ್ನೂ ಶಕ್ತಿ ಬರಬೇಕು, ಮೆಟ್ಟಿಲು ಹತ್ತೋವಾಗ ಕಣ್ಣಲ್ಲಿ ನೀರು.

ರೂಮಿನ ಬಾಗಿಲಲ್ಲಿ ಇವರಿಗೆ ಹೇಳಿದೆ — ನೀವು ಹೊರಗೆ ಕೂತಿರಿ. ಮುಖ ಕಪ್ಪಾಯ್ತು. ಕೂತರು.

ಒಳಗೆ ಎಲ್ಲ ಕೇಳಿದೆ. ಮತ್ತೆ ಬೇಕೇಬೇಕಾ? ಬೇಕು, ಅಣ್ಣನ ಕತೆ ಇದೆಯಲ್ಲ. ಆದರೆ ಬೇರೆ ಜಾತಿಯ ಮಾತ್ರೆ, ಸಣ್ಣ ಡೋಸ್. ನೋವು ಬಂದರೆ ನಿಲ್ಲಿಸಿ ಫೋನ್ ಮಾಡೋದು. ಇನ್ಯಾವುದೇ ಔಷಧಿ ಬರೆಸಿಕೊಳ್ಳುವಾಗ ಇದನ್ನ ಮೊದಲು ಹೇಳೋದು. ಡಾಕ್ಟರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಬಸ್ಸಿನಲ್ಲಿ ಇವರು ಮುಂದಿನ ಸೀಟಿಗೆ ಹೋಗಿ ಕೂತರು. ಜನರ ಮುಂದೆ ಅವಮಾನ ಮಾಡಿದೆನಂತೆ. ಮಗಳಿಗೆ ಫೋನಿನಲ್ಲಿ ಹೇಳ್ತಿದ್ದುದು ಕೇಳಿಸಿತು.

ಈಗ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಡಾಕ್ಟರು ಏನಂದರು, ಹೇಳಬಾರದಾ ಅಂತ.

ಹೇಳ್ತೀನಿ. ಮೊದಲು ಅವತ್ತು ಆಸ್ಪತ್ರೆಯಲ್ಲಿ, ನಾನು ಹಾಗೆ ಮಲಗಿದ್ದಾಗ, ಅಷ್ಟು ಸಲೀಸಾಗಿ ಆ ಸುಳ್ಳು ನಿಮ್ಮ ಬಾಯಲ್ಲಿ ಹೇಗೆ ಬಂತು, ಅದನ್ನ ನೀವು ಹೇಳಿ.