ತೂತು ಬಿದ್ದ ಮುಚ್ಚಳ

ಇಳಕಲ್

ಅಮ್ಮಾ,

ನೀನು ಕೊಟ್ಟ ಅಲ್ಯೂಮಿನಿಯಂ ಮುಚ್ಚಳ ತೂತು ಬಿದ್ದಿದೆ, ಬೈಯಬೇಡ. ಅಳತೆ ಸರಿಹೋಯಿತೆಂದು ಅತ್ತೆಯವರ ತಾಮ್ರದ ಕೊಡಕ್ಕೆ ನಾನೇ ಮುಚ್ಚಿದ್ದೆ. ಇಲ್ಲಿನ ಬೋರ್‌ವೆಲ್ ನೀರು ಉಪ್ಪು. ಕೊಡದ ಅಂಚು ತಾಗಿದಲ್ಲೆಲ್ಲ ಸುಣ್ಣದಂಥ ಬಿಳಿ ಪುಡಿ, ಒರೆಸಿದರೆ ತೂತು. ಕೊಡಕ್ಕೆ ಮಾತ್ರ ಏನೂ ಆಗಿಲ್ಲ.

"ಅವೆರಡೂ ಸವತೇರಿದ್ದಂಗವ್ವ. ನಡಕ ಉಪ್ಪುನೀರು ಚಾಡಿ ಹೇಳ್ತೈತಿ, ಮೆತ್ತಗಿದ್ದದ್ದು ಸವೀತೈತಿ," ಎಂದರು ಅತ್ತೆ, ಮಗ್ಗದಿಂದ ಕಣ್ಣೆತ್ತದೆ. ಒಣಗಿದ್ದರೆ ಜಗಳವಿಲ್ಲವಂತೆ. ಯಾವಾಗಲೂ ಅಲ್ಯೂಮಿನಿಯಮ್ಮೇ ಯಾಕೆ ಸೋಲುತ್ತದೆ? ಅಣ್ಣನನ್ನು ಕೇಳಿ ಬರೆ.

ನನ್ನ ಕೆಮ್ಮು ವಾಸಿಯಾಯಿತು.

ಮುಚ್ಚಳವನ್ನು ಗುಜರಿಗೆ ಹಾಕಲು ಹೊರಟಿದ್ದೆ. ಅತ್ತೆ ಕಸಿದುಕೊಂಡು ರೊಟ್ಟಿಯ ಬಿದಿರು ಬುಟ್ಟಿಗೆ ಮುಚ್ಚಿದರು. "ನಿಮ್ಮವ್ವ ಕೊಟ್ಟದ್ದು, ಇರಲಿ. ತೂತಿನಾಗ ರೊಟ್ಟಿಗೆ ಗಾಳಿ ಆಡ್ತೈತಿ."

ನಿನ್ನ ಶೈಲು